ಕುಬಸದಾಗ ನಾ ನಕ್ಕಿದ್ದು

ಅವ್ವಾ,

ಡ್ಯೂಟಿಗೆ ದೇವದುರ್ಗದ ಬಸ್ಸಿಗೆ ಹೊಂಟೀನಿ. ನೀ ಮಲಗಿದ್ದಿ, ಎಬ್ಬಿಸಲಿಲ್ಲ. ಎಬ್ಬಿಸಿದ್ರ ಜಗಳ ಆಗ್ತಿತ್ತು.

ಹಾಲು ಕಾಸಿಟ್ಟೀನಿ. ನಿನ್ನ ಬಿಪಿ ಗುಳಿಗಿ ಟಿವಿ ಹತ್ರ ಅದ, ಮರೀಬ್ಯಾಡ. ನಿನ್ನೆ ನಾ ಉಟ್ಟಿದ್ದ ಜರಿ ಸೀರಿ ಯಾರಿಗಾರ ಕೊಟ್ಟುಬಿಡು. ಮೈಗೆಲ್ಲಾ ಚುಚ್ಚತದ, ಇನ್ನೊಮ್ಮೆ ಉಡಂಗಿಲ್ಲ.

ಮಾನ್ವಿಯಾಗ ಬಸುರಿ ವೈನಿ ಕುಬಸದ ಕಾರ್ಯದಾಗ ಪೋತ್ನಾಳ ಕಾಕಿ ಎಲ್ಲಾರ ಮುಂದ ಏನಂದ್ಳು? "ಕಾವ್ಯಾಗ ಆಟಿಸಂ ಅಂತ ಯಾವ ಡಾಕ್ಟರ ಹೇಳ್ಯಾನ? ಮಾರಿ ನೋಡಿದ್ರ ಹಂಗೇನೂ ಕಾಣಂಗಿಲ್ಲ. ಎಷ್ಟು ಚಂದ ನಕ್ಕೊಂತ ಮಾತಾಡತಾಳ!" ನೀನೂ ಖುಷಿಲೆ "ಹೌದವಾ, ಏನಿಲ್ಲ" ಅಂದಿ.

ಆ ನಗಿನ ನಾ ಒಂದು ವಾರ ಕನ್ನಡಿ ಮುಂದ ನಿಂತು ಕಲ್ತೀನಿ. "ಊಟ ಆತೇನ್ರಿ" ಅಂತ ಯಾವಾಗ ಕೇಳಬೇಕು ಅನ್ನೋದನ್ನೂ ಕಲ್ತೀನಿ. ಅಷ್ಟು ಮಂದಿ ನನ್ನ ಗಲ್ಲಕ್ಕ ಅರಿಷಿಣ ಹಚ್ಚುವಾಗ ಹಲ್ಲು ಕಚ್ಚಿ ನಿಂತಿದ್ದೆ. ಆಮ್ಯಾಲ ಬಚ್ಚಲದಾಗ ಕಿವಿ ಮುಚ್ಚಿಕೊಂಡು ಕುಂತು ಅತ್ತಿದ್ದು ಕಾಕಿಗೆ ಕಾಣಲಿಲ್ಲ, ಖರೆ. ನಿನಗೂ ಕಾಣಲಿಲ್ಲೇನು? ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಒಳಗ ನೀರಿಲ್ಲ, ಆ ಕಡಿ ಹೋಗ್ರಿ" ಅಂತ ಬಂದವರನ್ನೆಲ್ಲಾ ವಾಪಸ್ ಕಳಿಸಿದಾಕಿ ನೀನೇ ಅಲ್ಲೇನು?

ಸಂಜಿಗೆ ಕಾಕಿ ನಮ್ಮ ಮನಿಗೆ ಬರ್ತಾಳಂತ. ಪಲ್ಯಾ ಫ್ರಿಜ್ಜಿನಾಗ ಅದ, ರೊಟ್ಟಿ ನಾ ಬಂದು ಬಡಿತೀನಿ, ನೀ ಒಲಿ ಮುಂದ ಕೂಡಬ್ಯಾಡ. ಆದ್ರ ಆಕಿ ಮುಂದ ನಗಂಗಿಲ್ಲ. ಕಿವಿ ಮುಚ್ಚಿಕೊಳ್ಳೋ ಹಂಗಾದ್ರ ಪಡಸಾಲಿಯಾಗ, ಆಕಿ ಕಣ್ಣ ಮುಂದನ ಮುಚ್ಚಿಕೊಂಡು ಕೂಡತೀನಿ.

ಈ ಸಲ ನೀ ಬಾಗಿಲಾ ಕಾಯಬ್ಯಾಡ.

ಕಾವ್ಯಾ