ಹನ್ನೊಂದು ಇಪ್ಪತ್ತರ ಮಾತು

ಮಂಗಳವಾರ, ಸಂಜೆ

ಬಿರಡೆಯ ಅಮ್ಮನವರಿಗೆ,

ನಮಸ್ಕಾರ ಅಕ್ಕ. ನಿಮಗೆ ಪತ್ರ ಬರೆಯಲು ನನಗೆ ಯಾವ ಮುಖವೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಮೊದಲು ಅದಕ್ಕೇ ಕ್ಷಮಿಸಿ. ಎದುರಿಗೆ ಸಿಕ್ಕಿದ್ದರೆ ಹೇಳುತ್ತಿದ್ದೆನೇನೋ. ಆದರೆ ಈಗ ನಾವೆಲ್ಲ ಮುದ್ದಿಗೆ ಬಿರಡೆ ಅನ್ನುವ ನಿಮ್ಮ ಮಗಳನ್ನು ಕರೆದೊಯ್ಯಲು ಅಜ್ಜಿ ಬರುತ್ತಾರೆ, ನೀವು ಗೇಟಿನ ಹತ್ತಿರ ಕಾಣಿಸುವುದೇ ಇಲ್ಲ. ಅದಕ್ಕೇ ಇದನ್ನು ಅವಳ ಚೀಲದಲ್ಲಿ, ಬದಲಿ ಬಟ್ಟೆಗಳ ಕೆಳಗೆ ಇಡುತ್ತಿದ್ದೇನೆ.

ನಾನು ಯಾರೆಂದು ನೆನಪಿದೆಯಲ್ಲ? ಶಿಶುವಿಹಾರದಲ್ಲಿ ಬಿರಡೆಯ ರೂಮಿನ ಮೂಲೆಯಲ್ಲಿ ಪ್ಯಾಡ್ ಹಿಡಿದು ಕೂರುವ ಟ್ರೈನಿಂಗ್ ಹುಡುಗಿ, ಟೀಚರ್ ಕೋರ್ಸ್ ಫಸ್ಟ್ ಇಯರ್. ಯಾವಾಗಲೂ ಕೈಯಲ್ಲಿ ಪೆನ್ ಇರುತ್ತದೆ ಅಂತ ಎಲ್ಲರೂ ಪೆನ್ನಕ್ಕ ಅನ್ನುತ್ತಾರೆ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಹಾಗಾಗಿ ನಡುನಡುವೆ ಇಂಗ್ಲಿಷ್ ನುಗ್ಗಿದರೆ ಸಹಿಸಿಕೊಳ್ಳಿ. ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ. ಇದು ಐದನೆಯದು.

ಬಿರಡೆಯನ್ನು ಸೇರಿಸುವ ದಿನ ನೀವು ದೊಡ್ಡ ಟೀಚರನ್ನು ಕೇಳಿದಿರಂತೆ, ಗೋಡೆ ಮೇಲೆ ಒಂದು ಅಕ್ಷರವೂ ಇಲ್ವಲ್ಲ, ಇಲ್ಲಿ ಏನ್ ಹೇಳಿಕೊಡ್ತೀರಿ ಅಂತ. ನನಗೂ ಅದೇ ಅನುಮಾನ ಇತ್ತು. ಮೊದಲ ದಿನವೇ ಒಂದು ಮಗುವಿನ ಮುಂದೆ ಕೆಂಪು ಚೆಂಡು ಹಿಡಿದು, ಇದೇನ್ ಬಣ್ಣ ಪುಟ್ಟಾ ಅಂದೆ. ಅದು ನೆಲದ ಬಿರುಕಿನಲ್ಲಿ ದಾರ ತುರುಕುತ್ತಿತ್ತು. ಟೀಚರ್ ಹತ್ತಿರ ಬಂದು, ಅವನು ಕೆಲಸದಲ್ಲಿದ್ದಾನಮ್ಮ, ನಿನ್ನನ್ನ ಯಾರಾದ್ರೂ ಕೆಲಸದ ಮಧ್ಯೆ ಎಬ್ಬಿಸಿ ಇದೇನ್ ಬಣ್ಣ ಅಂದ್ರೆ ಹೇಗಿರುತ್ತೆ ಅಂದರು. ಅಂದಿನಿಂದ ನನ್ನ ಕೆಲಸ ಇಷ್ಟೇ: ನೆಲದ ಮೇಲೆ ಕೂರು, ಕೈ ಮಡಿಲಲ್ಲಿಡು, ಮಗು ಏನು ಮಾಡುತ್ತದೋ ನೋಡು, ಟೈಮ್ ಹಾಕಿ ಬರೆ.

ನನಗೆ ಸಿಕ್ಕ ಮಗು ನಿಮ್ಮ ಬಿರಡೆ.

ಮೂರು ವಾರ ಅವಳು ಒಂದೇ ವಿಷಯ ಓದಿದಳು ಅಕ್ಕ. ಓದಿದಳು ಅಂತಲೇ ಬರೆಯುತ್ತೇನೆ. ಒಂದು ತುದಿ ಪುಸ್ತಕದ ಮೇಲೆ, ಇನ್ನೊಂದು ನೆಲದ ಮೇಲೆ ಇರುವ ಹಲಗೆ. ಚೆಂಡು ಬಿಟ್ಟಳು, ಉರುಳಿತು. ಆಲೂಗಡ್ಡೆ ಬಿಟ್ಟಳು, ಕುಂಟುತ್ತಾ ಉರುಳಿತು. ಡಬ್ಬಿಯ ಮುಚ್ಚಳ ನಿಲ್ಲಿಸಿ ಬಿಟ್ಟರೆ ಓಡಿತು, ಮಲಗಿಸಿ ಬಿಟ್ಟರೆ ಅಲ್ಲೇ ಕೂತಿತು. ಆದರೆ ಒಂದು ಚೌಕದ ಮರದ ತುಂಡು ಮಾತ್ರ ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ಹೊಡೆದಳು, ಬೈದಳು (ಮಾತಿಲ್ಲದೆ, ಬರೀ ರಾಗದಲ್ಲಿ), ಒಂದು ದಿನ ಮುತ್ತನ್ನೂ ಕೊಟ್ಟಳು. ಕೆನ್ನೆಯನ್ನು ನೆಲಕ್ಕೊತ್ತಿ ಅಡಿಯಿಂದ ನೋಡಿದಳು. ನನಗೋ ಕೈ ತುರಿಸುತ್ತಿತ್ತು. ಹಲಗೆ ಸ್ವಲ್ಪ ಎತ್ತಿದರೆ ಮುಗಿಯಿತಲ್ಲ, ಎರಡು ಸೆಕೆಂಡಿನ ಕೆಲಸ!

ಹೋದ ವಾರ, ಸೋಮವಾರ, ಅವಳೇ ಒಂದು ದಿಂಬು ಎಳೆದು ತಂದಳು. ಪುಸ್ತಕದ ಮೇಲೆ ಹೇರಿದಳು, ಅದರ ಮೇಲೆ ಹಲಗೆ. ತುಂಡು ಜಾರಿ ದಪ್ ಅಂತ ನೆಲಕ್ಕೆ ಬಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬಹಳ ಗಂಭೀರವಾಗಿ, ಬಿತ್ತು ಅಂದಳು.

ನಮ್ಮ ರೂಮಿನಲ್ಲಿ ಒಂದು ನಿಯಮ ಇದೆ. ಬಂದ ದಿನವೇ ಹೇಳಿಕೊಟ್ಟಿದ್ದರು. ಮಗು ಮೊದಲ ಸಲ ಮಾಡಿದ್ದೆಲ್ಲ ಮನೆಯವರದ್ದು, ನಾವು ನೋಡಿದ್ರೂ ನೋಡಿಲ್ಲ. ಮೊದಲ ಹೆಜ್ಜೆ, ಮೊದಲ ಮಾತು, ಯಾವುದೇ ಆಗಲಿ, ನಾವು ಬಾಯಿ ಬಿಡುವಂತಿಲ್ಲ. ಇವತ್ತು ಮನೇಲಿ ಸ್ವಲ್ಪ ಜೊತೆಗೆ ಕೂತ್ಕೊಂಡು ನೋಡಿ, ಅಷ್ಟು ಹೇಳಬಹುದು. ಒಂದು ಮಗುವಿನ ಅಪ್ಪ ಒಂದು ಬೆಳಿಗ್ಗೆ ಓಡಿಬಂದು, ನಿನ್ನೆ ನಮ್ಮವನು ನಡೆದ ಟೀಚರ್ ಅಂದರು. ಅವನು ರೂಮೆಲ್ಲ ನಡೆದಾಡಿ ಒಂದು ವಾರ ಆಗಿತ್ತು. ಟೀಚರ್ ಎದೆ ಮೇಲೆ ಕೈಯಿಟ್ಟು, ಹೌದಾ! ಅಂದರು. (ಯಾವ ಮಗು ಅಂತ ಹೇಳುವುದಿಲ್ಲ. ಒಂದು ಸಲ ಬಾಯಿ ಬಿಟ್ಟು ಕೆಡಿಸಿದ್ದು ಸಾಕು.)

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ ಅಂತ ನಿಮಗೆ ಗೊತ್ತು. ಆ ಸಂಜೆಯೇ ಗೇಟಿನ ಹತ್ತಿರ ಅಷ್ಟು ಜನರ ಮುಂದೆ, ಅಕ್ಕಾ, ಬಿರಡೆ ಮಾತಾಡಿದ್ಲು ಅಂತ ಕೂಗಿದೆ. ಫೋನ್ ಹಿಡಿದು ವಿಡಿಯೊ ತೋರಿಸಿದೆ. ನೀವು ಬಸ್ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಿರಿ. ಎರಡು ಸಲ ನೋಡಿ, ಎಷ್ಟೊತ್ತಿಗೆ ಅಂತ ಕೇಳಿದಿರಿ. ನಾನು ಜಾಣೆಯ ಹಾಗೆ ಪ್ಯಾಡ್ ನೋಡಿ ಹನ್ನೊಂದು ಇಪ್ಪತ್ತು ಅಂದೆ. ಹನ್ನೊಂದು ಇಪ್ಪತ್ತಕ್ಕೆ ನಾನು ಆಸ್ಪತ್ರೆ ಸ್ಟಾಪಲ್ಲಿದ್ದೆ, ಅಂದಿರಿ ನೀವು. ಆಮೇಲೆ ಥ್ಯಾಂಕ್ಸ್ ಹೇಳಿ, ಅವಳ ಶೂಗಳನ್ನು ಎಡಬಲ ಅದಲುಬದಲು ಮಾಡಿ ಹಾಕಿ ಹೊರಟುಬಿಟ್ಟಿರಿ. ಪ್ರತಿ ಸಂಜೆ ನೀವು ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಅಮ್ಮ ಅನ್ನು, ಅಮ್ಮ ಅನ್ನು ಅಂತ ಕೇಳುತ್ತಿದ್ದಿರೆಂದು, ಮಾತು ಬಂದಿಲ್ಲವೆಂದು ಡಾಕ್ಟರ ಹತ್ತಿರ ತೋರಿಸಲು ದಿನ ಗೊತ್ತು ಮಾಡಿಕೊಂಡಿದ್ದಿರೆಂದು ನನಗೆ ಆಮೇಲೆ ಅಜ್ಜಿಯಿಂದ ಗೊತ್ತಾಯಿತು.

ನಿಮಗೆ ಗೊತ್ತಿಲ್ಲದ್ದು ಇನ್ನೂ ಇದೆ. ಆ ವಿಡಿಯೊ ಮೊದಲ ಮಾತಿನದ್ದಲ್ಲ. ಮೊದಲನೆಯದಕ್ಕೆ ನಾನು ಚಪ್ಪಾಳೆ ತಟ್ಟಿ ಕಿರುಚಿದ್ದೆ. ರೂಮಿಗೆ ಫೋನ್ ತರಬಾರದು, ತಂದಿದ್ದೆ. ಇನ್ನೊಂದ್ಸಲ ಹೇಳು ಬಂಗಾರ ಅಂತ ಪೀಡಿಸಿ, ಅವಳ ಕೈಯಿಂದ ತುಂಡು ಕಿತ್ತುಕೊಂಡು ನಾನೇ ಜಾರಿಸಿ ಹೇಳಿಸಿದ್ದು ಅದು. ಸರಿಯಾಗಿ ನೋಡಿದರೆ ಮೂಲೆಯಲ್ಲಿ ನನ್ನ ಕೈ ಕಾಣುತ್ತದೆ. ಮಂಗಳವಾರ, ಬುಧವಾರವೂ ಬಿಡಲಿಲ್ಲ. ಅನ್ನು ಬಿರಡೆ, ಬಿತ್ತು ಅನ್ನು. ಬುಧವಾರ ಮಧ್ಯಾಹ್ನ ಅವಳು ಆ ತುಂಡನ್ನು ತಂದು ನನ್ನ ಮಡಿಲಲ್ಲಿಟ್ಟಳು. ನಿನಗೇ ಬೇಕಾದರೆ ನೀನೇ ಆಡಿಕೋ ಅನ್ನುವ ಹಾಗೆ. ಹೋಗಿ ಶೂಗಳ ಸಾಲಿನ ಪಕ್ಕ ಕೂತಳು. ಮತ್ತೆ ಹಲಗೆಯ ಹತ್ತಿರ ಸುಳಿಯಲಿಲ್ಲ. ಮಾತೂ ಆಡಲಿಲ್ಲ. ಮನೆಯಲ್ಲೂ ಆಡಿಲ್ಲವಂತೆ, ಅಜ್ಜಿ ಹೇಳಿದರು.

ಗುರುವಾರ ನಿಮ್ಮ ಚೀಟಿ ಬಂತು. ತಿಂಗಳ ಕೊನೆಯಿಂದ ಮಗು ಬರುವುದಿಲ್ಲ, ನೀವು ಬಸ್ ಬಿಟ್ಟು ಡಿಪೋದಲ್ಲಿ ಅರ್ಧ ದಿನದ ಮೇಜಿನ ಕೆಲಸಕ್ಕೆ ಅರ್ಜಿ ಹಾಕುತ್ತೀರಿ ಎಂದು. ಆ ಸ್ಟಿಯರಿಂಗ್ ಕೈಗೆ ಬರಲು ನೀವು ಮೂರು ಸಲ ಟೆಸ್ಟ್ ಕೊಟ್ಟಿರಂತೆ. ಟೀಚರ್ ನಮ್ಮನ್ನೆಲ್ಲ ನಿಲ್ಲಿಸಿ, ಯಾರಾದ್ರೂ ಅವರಿಗೆ ಏನಾದ್ರೂ ಹೇಳಿದ್ರಾ ಅಂತ ಕೇಳಿದರು. ನಾನು ನೀರು ಕುಡಿಯುತ್ತಾ ನಿಂತೆ. ಬಾಟಲಿ ಖಾಲಿಯಾದ ಮೇಲೂ ಕುಡಿಯುತ್ತಿದ್ದೆ.

ಇವತ್ತು ಮಧ್ಯಾಹ್ನ ಟೀಚರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ, ಅದೇ ಕಷ್ಟ. ನಿನಗೆ ಯಾಕೆ ಅಷ್ಟು ಅವಸರ ಆಯ್ತು ಅಂತ ಮಾತ್ರ ಕೇಳಿದರು. ಅವರಿಗೆ ಹೇಳದ ಉತ್ತರವನ್ನು ನಿಮಗೆ ಹೇಳುತ್ತೇನೆ. ನೀವು ಒಂದು ಸಲ ನನ್ನನ್ನು ನೋಡಿ ಸಂತೋಷಪಡಬೇಕು ಅಂತ, ಅಷ್ಟೇ.

ಬಸ್ ಬಿಡಬೇಡಿ ಅನ್ನಲು ನಾನು ಯಾರೂ ಅಲ್ಲ. ಮನೆಯಲ್ಲಿರಬೇಕೆಂದು ನಿಮಗೇ ಅನ್ನಿಸಿದ್ದರೆ ಇರಿ. ಆದರೆ ಆ ಹನ್ನೊಂದು ಇಪ್ಪತ್ತಕ್ಕಾಗಿ ಬಿಡುತ್ತಿದ್ದರೆ, ಬೇಡ ಅಕ್ಕ. ಹೋಗಬೇಕಾದವಳು ನಾನು. ಬೇರೆ ಕಡೆ ಹಾಕಿ ಅಂತ ಕಾಲೇಜಿಗೆ ಅರ್ಜಿ ಬರೆದಿಟ್ಟಿದ್ದೇನೆ. ನೀವು ಹೂಂ ಅಂದರೆ ನಾಳೆಯೇ ಕೊಡುತ್ತೇನೆ.

ಇನ್ನೊಂದು ಮಾತು. ಹೋದ ಶುಕ್ರವಾರದಿಂದ ನಾನು ಕೈಗಳನ್ನು ತೊಡೆಯ ಕೆಳಗೇ ಹಾಕಿಕೊಂಡು ಕೂರುತ್ತಿದ್ದೇನೆ. ಇವತ್ತು ಬೆಳಿಗ್ಗೆ ಬಿರಡೆ ಬಂದು ನನ್ನ ಪಕ್ಕದಿಂದ ಆ ತುಂಡನ್ನು ವಾಪಸ್ ತೆಗೆದುಕೊಂಡಳು. ಆಮೇಲೆ ಏನಾಯಿತು ಎಂದು ಬರೆಯುವುದಿಲ್ಲ. ಒಂದು ಸಂಜೆ ತರಕಾರಿ ಹೆಚ್ಚುವ ಹಲಗೆಯನ್ನು ದಿಂಬಿಗೆ ಒರಗಿಸಿಡಿ. ಪಕ್ಕದಲ್ಲಿ ಒಂದು ಆಲೂಗಡ್ಡೆ, ಒಂದು ಖಾಲಿ ಸೋಪಿನ ಡಬ್ಬಿ. ನೀವು ನೆಲದ ಮೇಲೆ ಕೂತುಕೊಳ್ಳಿ. ಅವಳಿಂದ ಏನನ್ನೂ ಹೇಳಿಸಬೇಡಿ. ಎಷ್ಟು ಹೊತ್ತಾದರೂ ಸುಮ್ಮನೆ ಕೂತಿರಿ.

ಇಂತಿ,
ತಪ್ಪು ಮಾಡಿದ
ಪೆನ್ನಕ್ಕ

ತಾ.ಕ.: ಚಿಕ್ಕವಳು, ಗೊತ್ತಿಲ್ಲದೆ ಮಾಡಿದಳು ಎಂದು ನೀವು ಕ್ಷಮಿಸಬಹುದು. ಹಾಗೆ ಕ್ಷಮಿಸಬೇಡಿ. ಒಂಬತ್ತು ವರ್ಷದವಳಿದ್ದಾಗ ಹಾಸ್ಟೆಲಿನ ಅಡುಗೆಯಣ್ಣ ನನಗೆ ಸೈಕಲ್ ಕಲಿಸಿದ್ದ. ರಜೆಗೆ ಮನೆಗೆ ಹೋದಾಗ ಅಮ್ಮ ಎಲ್ಲಿಂದಲೋ ಒಂದು ಸೈಕಲ್ ತಂದಿಟ್ಟಿದ್ದಳು, ಈ ಸಲ ನಿನಗೆ ನಾನೇ ಕಲಿಸ್ತೀನಿ ಅಂದಳು. ಎರಡು ದಿನ ಸೀಟು ಹಿಡಿದು ಏದುಸಿರು ಬಿಡುತ್ತಾ ಹಿಂದೆ ಓಡಿದಳು. ನಾನು ಬೇಕಂತಲೇ ಓಲಾಡಿದೆ, ಎರಡು ಸಲ ಬಿದ್ದು ಮಂಡಿ ಕೆರೆದುಕೊಂಡೆ. ಮೂರನೇ ದಿನ ಅವಳು ಕೈ ಬಿಟ್ಟಾಗ ನೆಟ್ಟಗೆ ಹೋದೆ. ಬಂತು, ಬಂತು ಅಂತ ಅಮ್ಮ ರಸ್ತೆಯಲ್ಲೇ ಕುಣಿದಳು. ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಾಳೆ. ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಂದರೆ ಆ ನಿಯಮ ನನಗೆ ಯಾರಾದರೂ ಹೇಳಿಕೊಡುವ ಮೊದಲೇ ಗೊತ್ತಿತ್ತು ಅಕ್ಕ.

ಬರುವ ತಿಂಗಳಿಂದ ಬಿರಡೆಯ ಜಾಗ ಲಿಸ್ಟಿನ ಮುಂದಿನ ಮಗುವಿಗೆ ಅಂತ ಈ ಶುಕ್ರವಾರವೇ ಬರೆದುಬಿಡುತ್ತಾರೆ. ಅಷ್ಟರೊಳಗೆ ಎರಡು ಸಾಲು ಬರೆದು ಅವಳ ಚೀಲದಲ್ಲಿಡಿ. ದಯವಿಟ್ಟು ಬೇಗ ಉತ್ತರ ಕೊಡಿ.