ಗೆದ್ದ ಕೇಸಿನ ರಾಜಿ

ವಿಜಯನಗರ, ಬೆಂಗಳೂರು
೨೩ ಜೂನ್ ೨೦೨೪

ಪ್ರೀತಿಯ ತಂಗಿ ವರೂಗೆ,

ಹೇಗಿದ್ದೀಯಾ? ನಿನ್ನ ಕಾಗದ ಬಂದು ತಿಂಗಳಾಯಿತು, ಕೋಪ ಮಾಡಿಕೊಳ್ಳಬೇಡ. ಕಿವಿಗೆ ಮಷೀನು ಹಾಕಿಕೊಂಡರೂ ಫೋನಿನಲ್ಲಿ ನನ್ನ ಮಾತು ತಿಳಿಯುವುದಿಲ್ಲ ಎಂದು ನೀನು ಬರೆದಿದ್ದೆ. ಇರಲಿ ಬಿಡು, ಆ ನೆಪದಲ್ಲಿ ನನಗೆ ಮತ್ತೆ ಕಾಗದ ಬರೆಯುವ ಸುಖ ಸಿಕ್ಕಿತು.

ಮೂವತ್ತು ವರ್ಷ ಫ್ಯಾಕ್ಟರಿ ಮಾಲೀಕರ ಪರ ವಾದಿಸಿದ್ದು ಸಾಕು, ಆಫೀಸು ಮುಚ್ಚುತ್ತೇನೆ ಎಂದಿದ್ದೆನಲ್ಲ, ಕೊನೆಯ ಕೇಸೊಂದು ಉಳಿದಿತ್ತು. ಕೆಂಗೇರಿಯಲ್ಲಿ ರಟ್ಟಿನ ಡಬ್ಬ ಮಾಡಿಸುವ ಭೈರೇಶ್ ಅವರದು. ಅವರ ಹಳೆಯ ಕೆಲಸಗಾರ ದ್ಯಾಮಪ್ಪ, ಸೂಪರ್‌ವೈಸರ್ ನಾಣಿಯ ಕೆನ್ನೆಗೆ ಹೊಡೆದಿದ್ದ ಎಂದು ಕೆಲಸದಿಂದ ತೆಗೆದರು. ಆತ ಲೇಬರ್ ಕೋರ್ಟಿಗೆ ಬಂದ. ನಾಣಿಯ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಹೊಡೆದಿಲ್ಲ ಎಂದು ಸಾಧಿಸಿದ್ದರೆ ನನಗೆ ಕಷ್ಟವಾಗುತ್ತಿತ್ತು.

ಪಾಟೀಸವಾಲಿನಲ್ಲಿ ದ್ಯಾಮಪ್ಪನನ್ನೇ ನೇರವಾಗಿ ಕೇಳಿಬಿಟ್ಟೆ. ಅವನ ವಕೀಲರು ಏಳುವ ಮೊದಲೇ ಆತ ನನ್ನ ಕಡೆ ತಿರುಗಿ, "ಹೊಡ್ದಿದ್ದು ನಿಜ ಕಣಮ್ಮ. ನಮ್ಮನೆಯವ್ಳು ತೀರ್ಕೊಂಡು ಇನ್ನೂ ವಾರ ಆಗಿರ್ಲಿಲ್ಲ, ಅವ್ಳ ಬಗ್ಗೆ ಕೆಟ್ಟದಾಗಿ ಮಾತಾಡ್ದ. ಕೈ ತಡೀಲಿಲ್ಲ," ಎಂದ.

ಕೇಸು ಅಲ್ಲಿಗೆ ನಮ್ಮದಾಯಿತು. ಭೈರೇಶ್ ಖುಷಿಯಿಂದ ನನ್ನನ್ನು ಕಾಫಿಗೆ ಕರೆದುಕೊಂಡು ಹೋದರು. ಕುಡಿಯುತ್ತಲೇ ನಾನು, ಅವನನ್ನು ವಾಪಸ್ ಸೇರಿಸಿಕೊಳ್ಳಿ ಎಂದೆ. ಅವರು ಲೋಟ ಕೆಳಗಿಟ್ಟರು.

"ಗೆದ್ದಿರೋ ಕೇಸಲ್ಲಿ ರಾಜಿ ಯಾಕೆ ಮೇಡಂ? ನೀವು ನನ್ ಲಾಯರ್ ತಾನೇ?"

"ನಿಮ್ ಲಾಯರ್ ಆಗೇ ಹೇಳ್ತಿದೀನಿ. ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ನಿಜ ಹೇಳೋರು ನಿಮ್ ಫ್ಯಾಕ್ಟರೀಲಿ ಇನ್ನೆಷ್ಟು ಜನ ಇದಾರೆ?"

ಆಮೇಲೆ ಬಹಳ ದಿನ ನನ್ನ ಫೋನೇ ತೆಗೆಯಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ತಾವೇ ಬಂದು ಒಪ್ಪಿದರು. ವಿಷಯ ತಿಳಿದ ಅವರ ತಾಯಿ ವಿಮಲಮ್ಮ ಮಗನ ಜೊತೆ ಮಾತು ಬಿಟ್ಟಿದ್ದರಂತೆ! ದ್ಯಾಮಪ್ಪ ಕೈಮಾಡಿದ್ದಕ್ಕೆ, ನಾಣಿ ಆಡಿದ ಮಾತಿಗೆ, ಒಬ್ಬರನ್ನೊಬ್ಬರು ಕ್ಷಮೆ ಕೇಳಿಕೊಂಡರು. ಬೇರೆ ವಿಭಾಗದಲ್ಲಿ ದ್ಯಾಮಪ್ಪನಿಗೆ ಕೆಲಸವಾಯಿತು.

ಅಂದು ಮೆಟ್ರೋ ಇಳಿದು ಬರುತ್ತಾ ಮಾರ್ಕೆಟ್ಟಿನಲ್ಲಿ ಕನಕಾಂಬರ ಕೊಂಡೆ. ಮುಡಿದುಕೊಂಡು ಕನ್ನಡಿಯನ್ನೂ ನೋಡಿಕೊಂಡೆ. ನಗಬೇಡ.

ಶ್ರಾವಣದಲ್ಲಿ ನಾಲ್ಕು ದಿನ ಇರುವ ಹಾಗೆ ಬಾ. ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಜ್ಯೋತಿಲಕ್ಷ್ಮಿ

ತಾ.ಕ.: ಅಪ್ಪ ನನ್ನ ವಾದ ಕೇಳಲು ಒಮ್ಮೆಯೂ ಕೋರ್ಟಿಗೆ ಬರದಿದ್ದದ್ದು ಮಂಡಿನೋವಿನಿಂದ ಎಂದು ನೀನು ಈಗಲೂ ನಂಬಿದ್ದೀಯೆ. ರಾಜಾಜಿನಗರದ ಫ್ಯಾಕ್ಟರಿಯಲ್ಲೇ ಆಯಸ್ಸು ಸವೆಸಿದವರು ಅವರು. ಒಮ್ಮೆ ಬನ್ನಿ ಎಂದು ಹಟ ಮಾಡಿದಾಗ ನನ್ನ ತಲೆ ಸವರಿ, "ನೀನ್ ಗೆಲ್ಲೋದ್ ನೋಡಕ್ಕೆ ಆಸೇನೇ ಮಗಳೇ. ಆದ್ರೆ ಅಲ್ಲಿ ಸೋತೋಗೋನು ನನ್ನಂಗೇ ಇರ್ತಾನಲ್ಲ," ಎಂದರು. ಮತ್ತೆ ನಾನು ಕರೆಯಲಿಲ್ಲ. ಈ ಒಂದು ಕೇಸಿಗೆ ಅವರನ್ನು ಕರೆಯಬಹುದಿತ್ತು, ವರೂ. ಅಪ್ಪ ಇರಬೇಕಿತ್ತು.