ಕೆಂಚಿಯ ಹೂವಿನ ಅಂಗಿ

ಹುಲಿಗಿ
೨೮ ನವೆಂಬರ್ ೨೦೨೪

ನನ್ನ ಬಂಗಾರ ಹೇಮಾ,

ಕುಷ್ಟಗಿಯಲ್ಲಿ ನೀನು, ಅಳಿಯ, ನಿಮ್ಮತ್ತೆ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನು ಮಾಡಿದಾಗಲೆಲ್ಲ ನೀನು ಮೊದಲು ವಿಚಾರಿಸುವುದು ನನ್ನನ್ನಲ್ಲ, ನೀನು ಸಾಕಿದ ಕೆಂಚಿಯನ್ನು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಅವ್ವನಿಗಿಂತ ನಾಯಿಯೇ ಹೆಚ್ಚು! ಇರಲಿ. ‘ಆರಾಮ ಐತಿ’ ಎಂದೇ ಹೇಳುತ್ತ ಬಂದೆ. ಆರಾಮ ಇರಲಿಲ್ಲ ಮಗಳೇ. ಫೋನಿನಲ್ಲಿ ಹೇಳಲು ಹೋದರೆ ಮಾತು ಬೇರೆ ಕಡೆಗೆ ಹೊರಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿ ಮುಗಿಯುತ್ತಲೇ ಅದು ರೊಟ್ಟಿ ಮುಟ್ಟುವುದನ್ನು ಬಿಟ್ಟಿತು. ಬರೀ ನೀರು, ಕುಡಿದಷ್ಟೂ ಸಾಲದು. ಹಿಂದಿನಿಂದ ಕೆಟ್ಟ ವಾಸನೆಯ ಸ್ರಾವ. ನಮ್ಮ ಕಾಯಿ ಅಂಗಡಿಯ ಕೆಳಗೆ ಮಲಗಿದರೆ ಏಳುತ್ತಲೇ ಇರಲಿಲ್ಲ. ಪಕ್ಕದ ಮನೆಯ ದರ್ಜಿ ಮೆಹಬೂಬಬೀಯನ್ನು ಜೊತೆಗೆ ಕರೆದುಕೊಂಡು, ಆಟೋದಲ್ಲಿ ಕೊಪ್ಪಳದ ದನದ ದವಾಖಾನೆಗೆ ಒಯ್ದೆ. ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ‘ಗರ್ಭಚೀಲದಾಗ ಕೀವು ತುಂಬೈತ್ರಿ. ಇವತ್ತ ತೆಗೀಲಿಲ್ಲಂದ್ರ ಜೀವ ಉಳಿಯಂಗಿಲ್ಲ’ ಎಂದರು. ಹೂಂ ಎಂದೆ.

ಬಾಗಿಲ ಹೊರಗೆ ಕೂತು ಹುಲಿಗೆಮ್ಮನಿಗೆ ಹರಕೆ ಹೊತ್ತೆ. ಎಮ್ಮೆ ಹೊಡೆದುಕೊಂಡು ಬಂದ ಗಂಡಸರು ಏನಾಯಿತೆಂದು ಕೇಳಿದರೆ, ಒಂದಿಷ್ಟೂ ನಾಚದೆ ಕೆಂಚಿಯ ಗರ್ಭಚೀಲದ ಕಥೆಯೆಲ್ಲ ಹೇಳಿದೆ. ಮೆಹಬೂಬಬೀ ನನ್ನ ಮುಖ ನೋಡಿ, ‘ನಾಯಿದಾದ್ರ ಊರಿಗೆಲ್ಲ ಹೇಳ್ತಿ ನೋಡ ಹೊಳಿಯವ್ವಾ’ ಎಂದಳು. ನಾನು ಮಾತು ಹಾರಿಸಿದೆ.

ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮನನ್ನು ನಾನು ಬಿಡಲಿಲ್ಲ. ಗರ್ಭಚೀಲ ಹೋದರೆ ಮೈಯಲ್ಲಿ ಶಕ್ತಿ ಉಳಿಯುತ್ತದೆಯೇ, ಮೊದಲಿನ ಹಾಗೆ ಓಡಾಡಬಹುದೇ, ಭಾರ ಎತ್ತಬಹುದೇ ಎಂದೆಲ್ಲ ಕೇಳಿದೆ. ‘ನಾಯಿ ಏನ್ ಭಾರ ಎತ್ತತೈತ್ರಿ ಯವ್ವಾ?’ ಎಂದು ಅವರು ನಕ್ಕುಬಿಟ್ಟರು.

ಈಗ ಕೆಂಚಿ ರೊಟ್ಟಿ ತಿನ್ನುತ್ತದೆ. ಹೊಲಿಗೆ ನೆಕ್ಕಬಾರದೆಂದು ಮೆಹಬೂಬಬೀ ಹೂವಿನ ಅರಿವೆಯಲ್ಲಿ ಅಂಗಿ ಹೊಲಿದು ತೊಡಿಸಿದಳು. ಹೊಲಿಗೆ ಬಿಚ್ಚಿದ್ದಾಯಿತು, ಅಂಗಿ ಬಿಚ್ಚಲು ಮಾತ್ರ ಅದು ಬಿಡುತ್ತಿಲ್ಲ. ಮದುಮಗಳ ಹಾಗೆ ಅಂಗಡಿ ಮುಂದೆ ಕೂತಿರುತ್ತದೆ, ಗುಡಿಗೆ ಬಂದವರು ಕಾಯಿ ಕೊಳ್ಳುವುದು ಬಿಟ್ಟು ಫೋಟೋ ತೆಗೆಯುತ್ತಾರೆ. ನಿನ್ನೆ ಬೆಕ್ಕೊಂದನ್ನು ಅಟ್ಟಿಸಿಕೊಂಡು ಹೋಯಿತು. ನೋಡಿ ನನಗೆ ಅಳುವೇ ಬಂತು. ಧೈರ್ಯವೂ ಬಂತು.

ನಿನ್ನ ದಾರಿ ನೋಡುವ
ಅವ್ವ,
ಹೊಳಿಯಮ್ಮ

ತಾ.ಕ.: ಅದೇ ಹೂವಿನ ಅರಿವೆಯಲ್ಲಿ ಮೆಹಬೂಬಬೀ ನನಗೂ ಒಂದು ಸಡಿಲವಾದ ನೈಟಿ ಹೊಲಿದಿದ್ದಾಳೆ. ಬರುವ ಬುಧವಾರ ಕೊಪ್ಪಳದ ದೊಡ್ಡಾಸ್ಪತ್ರೆಯಲ್ಲಿ ನನ್ನ ಗರ್ಭಚೀಲ ತೆಗೆಯುತ್ತಾರೆ. ವರ್ಷದಿಂದ ಹೆದರಿ ಮುಂದೂಡುತ್ತಿದ್ದೆ, ಈಗ ಹೂಂ ಎಂದಿದ್ದೇನೆ. ನೀನು ಬಂದು ಬಾಗಿಲ ಹೊರಗೆ ಕೂತಿರು. ಯಾರಾದರೂ ಏನಾಯಿತೆಂದು ಕೇಳಿದರೆ, ನಾಚದೆ ಹೇಳು.